ಒಂದು ಕಂಡಿಕೆಯಷ್ಟು ಕತ್ತಲು

3 ನವೆಂಬರ್ 2025, ಸೋಮವಾರ

ಆರಕ್ಕೆ ಮಗ್ಗಕ್ಕೆ ಇಳಿದೆ. ಹತ್ತರೊಳಗೆ ಏಳು ಸಲ ಎಳೆ ಕಡಿಯಿತು. ನೂಲಿನ ತಪ್ಪಲ್ಲ. ಅತ್ತೆ ರಾಟಿ ನಿಲ್ಲಿಸಿ ನನ್ನ ಕಡೆ ನೋಡಿದರು.

"ಶೇಖವ್ವಾ, ಲಾಳಿ ಒಗ್ಯಾಕತ್ತಿಯೋ, ಕಲ್ಲು ಒಗ್ಯಾಕತ್ತಿಯೋ?"

ಕಡಿದ ಎಳೆ ಕೂಡಿಸಿದೆ. ಅವರು ಉತ್ತರಕ್ಕೆ ಕಾಯಲಿಲ್ಲ. ಮತ್ತೆ ಸಣ್ಣ ಕಡ್ಡಿಗೆ ನೂಲು ಸುತ್ತಿ ಕಂಡಿಕೆ ಮಾಡತೊಡಗಿದರು. ಅವರು ಸುತ್ತುವುದು, ನಾನು ಅದನ್ನು ಲಾಳಿಗೆ ಹಾಕಿ ನೇಯುವುದು. ಹದಿನೆಂಟು ವರ್ಷದಿಂದ ಹೀಗೇ.

ಈ ಡೈರಿ ನನ್ನದಲ್ಲ. ಡ್ರಾಯಿಂಗ್ ಮಾಸ್ತರರಾಗಿದ್ದ ನನ್ನ ಗಂಡನದು. ಜನವರಿಯಲ್ಲಿ ಶಾಲೆಯಿಂದ ಕೊಟ್ಟದ್ದು. ಫೆಬ್ರವರಿ 17ರ ತನಕ ಅವರ ಅಕ್ಷರ ಇದೆ. 18ಕ್ಕೆ ಹಿರೇವಡ್ಡಟ್ಟಿ ಶಾಲೆಯಲ್ಲಿ, ಮೂರನೇ ಪೀರಿಯಡ್, ಬೋರ್ಡಿನ ಮೇಲೆ ಹೂಜಿ ಬರೆಯುತ್ತಿದ್ದರಂತೆ. ಅರ್ಧ ಹೂಜಿ ಬರೆದು ಎದೆ ಹಿಡಿದು ಕೂತರಂತೆ. ಮುಂಡರಗಿ ಆಸ್ಪತ್ರೆ ಮುಟ್ಟುವುದರೊಳಗೆ... ಆಮೇಲಿನ ಹಾಳೆಗಳೆಲ್ಲ ಖಾಲಿ. ಅವರು ಬರೆದ ಹಾಳೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಓದಿಲ್ಲ. ಖಾಲಿ ಇರುವ ಕಡೆ ಬರೆಯುತ್ತೇನೆ, ಹಾಳೆ ಸುಮ್ಮನೆ ಹಾಳಾಗಬಾರದು ಅಂತ.

ಮಧ್ಯಾಹ್ನ ರಮೀಜಣ್ಣ ಬಂದಿದ್ದರು, ಲಕ್ಷ್ಮೇಶ್ವರದಿಂದ. ಅವರೂ ನನ್ನ ಗಂಡನೂ ಕೂಡಿ ಚಿತ್ರಕಲೆ ಕಲಿತವರು. ಚಹಾ ಆರುವ ತನಕ ಬಟ್ಟಲು ತಿರುಗಿಸುತ್ತ ಕೂತರು. ಆಮೇಲೆ ಹೇಳಿದರು — ಡಿಸೆಂಬರ್ 7, ಭಾನುವಾರ ಸಂಜೆ, ಲಕ್ಷ್ಮೇಶ್ವರದಲ್ಲಿ ಒಂದು ಹಳೇ ಹತ್ತಿ ಗೋದಾಮಿನಲ್ಲಿ ಸಣ್ಣ ಸಣ್ಣ ಸಿನೆಮಾ ತೋರಿಸುತ್ತಾರಂತೆ. ಚಿತ್ರ ಬರೆಯುವವರೇ ತೆಗೆದವು.

"ಸಿದ್ದೇಶಂದೂ ಹಾಕಬೇಕಂತ ಎಲ್ಲಾರ ಮನಸೈತಿ ವೈನಿ."

ಅತ್ತೆ ಕೇಳಿದರು, "ಎಂಥಾ ಸಿನೆಮಾನೋ ಅವು?"

"ಒಬ್ಬಾಕಿ ಒಂಬತ್ತು ನಿಮಿಷ ನೀರಾಗ ಉಪ್ಪು ಕರಗೂದು ತಗದಾಳ್ರಿ ಯವ್ವಾ. ಒಬ್ಬಾಂವ ಬರೇ ಒಂದು ಖುರ್ಚಿ."

"ಅದರ ಮ್ಯಾಲೆ ಯಾರು ಕುಂಡ್ರತಾರ?"

"ಯಾರೂ ಇಲ್ರಿ."

"ಹಂಗಾರ ನನಗ ಒಂದು ಜಾಗ ಐತಿ ಅನ್ನು."

ಕಥೆ ಇರುವುದಿಲ್ಲವೇ ಅಂತ ನಾನು ಕೇಳಿದೆ. ರಮೀಜಣ್ಣ ಬಟ್ಟಲು ಕೆಳಗಿಟ್ಟರು. "ಕಥಿ ಇರಂಗಿಲ್ಲ ವೈನಿ. ಹೊತ್ತು ಇರತೈತಿ." ಅರ್ಥವಾಗಲಿಲ್ಲ. ಆಗಲಿ ಅಂದೆ.

ಅವರು ಹೋದ ಮೇಲೆ ಹಿತ್ತಲ ಬಾಗಿಲು ತೆಗೆದು ಗೋಡೆ ನೋಡಿದೆ. ಎರಡು ವರ್ಷ, ರಜೆ ಇದ್ದಾಗಲೆಲ್ಲ, ಇವರು ಹಿತ್ತಲಲ್ಲಿ ಇಟ್ಟಿಗೆ ಪೇರಿಸಿ ಮೊಬೈಲ್ ನಿಲ್ಲಿಸಿ, ವಿಡಿಯೋ ತೆಗೆಯುತ್ತ, ಗೋಡೆ ಕಡೆ ಮುಖ ಮಾಡಿ ಕೂತಿದ್ದನ್ನು ಓಣಿಯೆಲ್ಲ ನೋಡಿದೆ. ಎದುರುಮನೆ ಹನಮಪ್ಪ ಕಾಕಾ ಗೇಟಿನಲ್ಲಿ ನಿಂತು "ಮಾಸ್ತರ, ಗೋಡಿ ಓಡಿಹೋಗತೈತೇನ್ರಿ, ಕಾಯಾಕತ್ತೀರಲ್ಲ?" ಅಂದಿದ್ದರು. ಮಾಸ್ತರರ ತಲೆ ಸರಿ ಇಲ್ಲ ಅಂತ ಬಾವಿಕಟ್ಟೆಯಲ್ಲಿ ಹೆಂಗಸರ ಮಾತು. ನಾನೂ ಕೇಳಿದ್ದೆ, ಏನೈತ್ರಿ ಅದರಾಗ ಅಂತ. ಒಂದು ಸಲವಲ್ಲ.

"ಏನಿಲ್ಲ. ಅದಕ್ಕ ನೋಡಾಕತ್ತೇನಿ."

ಆಗ ಜನ ನಕ್ಕರೆ ಇವರೂ ನಗುತ್ತಿದ್ದರು. ಈಗ ನಕ್ಕರೆ ಯಾರು ನಗಬೇಕು.

11 ನವೆಂಬರ್, ಮಂಗಳವಾರ

ಲೋಹಿತನ ಸ್ಟುಡಿಯೋಕ್ಕೆ ಹೋಗಿದ್ದೆ. ನಮ್ಮ ಬೆಟಗೇರಿಯ ಮದುವೆ ವಿಡಿಯೋ ಎಲ್ಲ ಅವನೇ ಮಾಡುವುದು. ಹೋದಾಗ ಒಬ್ಬ ಮದುಮಗಳು ಕಂಪ್ಯೂಟರಿನಲ್ಲಿ ಗುಲಾಬಿಯೊಳಗಿಂದ ಹೊರಗೆ ಬರುತ್ತಿದ್ದಳು. ಅದನ್ನು ನಿಲ್ಲಿಸಿ ಇವರ ಪೆನ್‌ಡ್ರೈವ್ ಹಾಕಿದ. ಅರಿಷಿಣದ ಡಬ್ಬಿಯಲ್ಲಿ ಇಟ್ಟಿದ್ದೆ, ತುದಿ ಹಳದಿಯಾಗಿತ್ತು.

ಒಂದೇ ಫೈಲು. "ಗೋಡೆ" ಅಂತ ಹೆಸರು.

ನಮ್ಮ ಹಿತ್ತಲ ಗೋಡೆ. ಸುಣ್ಣ ಎದ್ದ ಜಾಗ, ಮೊಳೆ, ಮೊಳೆಯ ನೆರಳು. ನೆರಳು ಸರಿಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಸೌಂಡ್ ಇಲ್ಲ. ಲೋಹಿತ ಖುರ್ಚಿಯಲ್ಲಿ ಎರಡು ಸಲ ಮಿಸುಕಿದ. ಆರನೇ ನಿಮಿಷಕ್ಕೆ ಪರದೆ ಕಪ್ಪಾಯಿತು.

"ಕೆಟ್ಟೈತೇನ್ರಿ ಅಕ್ಕಾರ?"

ಮುಂದೆ ಓಡಿಸಿದ. ಕಪ್ಪು, ಕಪ್ಪು. ಆಮೇಲೆ ಮತ್ತೆ ಗೋಡೆ. ಸಾಕು ಅಂದೆ. ಪೂರ್ತಿ ನೋಡುವ ಶಕ್ತಿ ಇರಲಿಲ್ಲ.

ಆದರೆ ವಿಷಯ ತಿಳಿದುಹೋಗಿತ್ತು. ಒಂದು ಸೀರೆ ಮುಗಿದ ಮೇಲೆ ಹಾಸಿನ ಉದ್ದೆಳೆಗಳಲ್ಲಿ ನಾಲ್ಕು ಬೆರಳು ನೇಯದೆ ಬಿಡುತ್ತೇವೆ. ಅಲ್ಲಿಂದ ಮುಂದಿನ ಸೀರೆ ಶುರು. ಮಗ್ಗದಿಂದ ಇಳಿಸುವಾಗ ಕತ್ತರಿ ಹಾಕುವುದು ಅದೇ ಜಾಗಕ್ಕೆ. ಮಗ್ಗದ ಮನೆಯಲ್ಲಿ ಹುಟ್ಟಿದವರು ಇವರು, ಹಾಗೇ ಮಾಡಿರುತ್ತಾರೆ.

"ಎರಡು ಅದಾವಪ್ಪ. ನಡುವ ಬಿಟ್ಟದ್ದು ಕತ್ತರಿಸೋ ಜಾಗ. ಅಲ್ಲಿ ಕಟ್ ಮಾಡು."

ಎಷ್ಟು ಗಟ್ಟಿಯಾಗಿ ಹೇಳಿದೆ. ಫೆಬ್ರವರಿಯಿಂದ ಈಚೆಗೆ ಒಂದು ಮಾತನ್ನು ಅನುಮಾನವಿಲ್ಲದೆ ಹೇಳಿದ್ದು ಇದೇ ಮೊದಲು.

ಅವನು ಕಪ್ಪನ್ನು ತೆಗೆದು ಕಟ್ ಮಾಡಿದ. ಎರಡು ಫೈಲು ಆದವು. ಪೆನ್‌ಡ್ರೈವಿನಲ್ಲಿ ಜಾಗವಿರಲಿಲ್ಲ. ಹಳೆಯದನ್ನು ತೆಗೆದು ಇವನ್ನು ಹಾಕಿದ. ರಮೀಜಣ್ಣನಿಗೂ ಅಲ್ಲಿಂದಲೇ ಕಳಿಸಿದ. ಫಾರ್ಮಿನಲ್ಲಿ "ಚಿತ್ರಗಳ ಸಂಖ್ಯೆ" ಅಂತ ಇತ್ತು. 2 ಅಂತ ಬರೆದೆ.

ಮನೆಗೆ ಬಂದು ಉಂಡೆ. ಹಸಿವಾಗಿತ್ತು.

14 ನವೆಂಬರ್, ಶುಕ್ರವಾರ

ಸಂಜೆ ರಮೀಜಣ್ಣನ ಫೋನು. ಪಟ್ಟಿ ತಯಾರಾಗಿದೆಯಂತೆ. ಗೋಡೆ ಒಂದು, ಗೋಡೆ ಎರಡು.

"ವೈನಿ, ಒಂದ ಸಿನೆಮಾ ಅಂತ ಹೇಳಿದ್ದ ಅಂವ. ನಡುವ ಏನೋ ಐತಿ, ನೋಡೀಯಂತ ಅಂದಿದ್ದ. ನನಗ ಕಳಿಸಿರಲಿಲ್ಲ. ಎರಡ ಆಗ್ಯಾವಲ್ಲ?"

ಎರಡೇ ಅಂದೆ. 

ನಡುವೆ ಏನೋ ಇದೆ.

ನಡುವೆ ಏನಿತ್ತು? ಕಪ್ಪು ಇತ್ತು. ಬರೀ ಕಪ್ಪು. ಇಲ್ಲ, ನಾನು ನೋಡಿದ್ದೇನೆ — ಕಪ್ಪೇ.

15 ನವೆಂಬರ್, ಮಧ್ಯಾಹ್ನ 4

ರಬ್ಬರ್ ಬ್ಯಾಂಡ್ ತೆಗೆದೆ. ತೆಗೆಯುವಾಗಲೇ ಹರಿಯಿತು.

ಶಾಲೆ ಟೈಮ್ ಟೇಬಲ್ಲು, ಬಸ್ಸಿನ ವೇಳೆ, ಯಾವ ಹುಡುಗಿಗೆ ಬಣ್ಣದ ಡಬ್ಬಿ ಇಲ್ಲ ಅನ್ನುವುದು. ಫೆಬ್ರವರಿ 9, ಭಾನುವಾರ. ಇದ್ದಂತೆಯೇ ಬರೆದಿಡುತ್ತೇನೆ:

"ನಡುವಿನ ಕಪ್ಪು ಎಷ್ಟು ಹೊತ್ತು ಇರಬೇಕು? ತಿಂಗಳಿಂದ ಒದ್ದಾಟ. ಮೂರು ನಿಮಿಷ ಇಟ್ಟೆ, ಕಡಿಮೆ. ಹತ್ತು ಇಟ್ಟೆ, ಹಟ ಅನಿಸಿತು. ಇಂದು ಶೇಖಾ ಕತ್ತಲಲ್ಲೇ ಕಂಡಿಕೆ ಸುತ್ತುತ್ತ ಕೂತಳು. ತುಂಬಿತು, ಎದ್ದು ಲೈಟ್ ಹಾಕಿದಳು. ಸಿಕ್ಕಿತು. ಒಂದು ಕಂಡಿಕೆಯಷ್ಟು. ಹಾಗೇ ಮಾಡಿದೆ. ಅವಳಿಗೆ ಹೇಳಬೇಕು."

ಹೇಳಲಿಲ್ಲ. ಒಂಬತ್ತು ದಿನ ಇತ್ತು, ಮರೆತಿರಬೇಕು.

ಆ ಸಂಜೆ ಈಗ ನೆನಪಾಯಿತು. ಅತ್ತೆ ಬೆಳ್ಳಟ್ಟಿಗೆ ಸೀಮಂತಕ್ಕೆ ಹೋಗಿದ್ದರು, ಹಾಗಾಗಿ ಕಂಡಿಕೆ ನಾನೇ ಸುತ್ತಬೇಕಿತ್ತು. ಇವರು ಎಲ್ಲಿಂದಲೋ ಪ್ರೊಜೆಕ್ಟರ್ ತಂದು ಪಡಸಾಲೆಯಲ್ಲಿ ಧೋತರ ಕಟ್ಟಿದರು. ಹತ್ತು ನಿಮಿಷ ಕುಂಡ್ರು ಅಂದರು. ರಾಟಿ ಬಿಡಲಿಲ್ಲ ನಾನು. ಗೋಡೆ ನೋಡಿದೆ. ಕಪ್ಪಾಯಿತು. ಕೈಗೆ ಕಣ್ಣು ಬೇಕಿಲ್ಲ, ಸುತ್ತುತ್ತಲೇ ಇದ್ದೆ. ತುಂಬಿದ ಕೂಡಲೇ ನೂಲು ಹರಿದು ಎದ್ದು ಲೈಟ್ ಹಾಕಿದೆ.

"ಮುಗೀತೇನ್ರಿ?"

"ಇನ್ನೂ ಐತಿ."

ರೊಟ್ಟಿ ಬಡಿಯಬೇಕು ಅಂತ ಒಳಗೆ ಹೋದೆ. ಇವರು ಮತ್ತೆ ಕರೆಯಲಿಲ್ಲ.

ಇವರು ನಾನು ಒಂದು ಕಂಡಿಕೆ ಸುತ್ತಿ ಎದ್ದ ಹೊತ್ತನ್ನು ಸಿನೆಮಾದೊಳಗೆ ಇಟ್ಟಿದ್ದರು. ನಾನು ಕತ್ತರಿ ಹಾಕಿಸಿದ್ದು ಅದಕ್ಕೇ.

16 ನವೆಂಬರ್, ಭಾನುವಾರ

ಬಾಗಿಲು ತೆಗೆಯುವ ಮೊದಲೇ ಸ್ಟುಡಿಯೋ ಮುಂದೆ ನಿಂತಿದ್ದೆ. ಲೋಹಿತ ಹೆದರಿದ. ಏನಾಯಿತು ಅಂತ ಹೇಳಿದೆ. ಎರಡು ತಾಸು ಏನೇನೋ ಹಾಕಿ ತೆಗೆದ. ತನ್ನ ಕಂಪ್ಯೂಟರಿನಲ್ಲಿ ನಕಲು ಇಟ್ಟುಕೊಂಡಿರಲಿಲ್ಲ, ಹಳೇ ಫೈಲಿನ ಹೆಸರು ಮಾತ್ರ ಬಂತು. ಒತ್ತಿದರೆ ತೆರೆಯಲಿಲ್ಲ.

"ಹೊಸಾವು ಅದರ ಮ್ಯಾಲೇ ಕುಂತಾವ್ರಿ ಅಕ್ಕಾರ. ತಳದಾಂದು ಬರಂಗಿಲ್ಲ. ಸರ್ ಮೊಬೈಲ್‌ನಾಗ ಇಲ್ಲೇನ್ರಿ?"

ಮೊಬೈಲು ಇವರು ಕುಸಿದ ದಿನ ಶಾಲೆಯಲ್ಲೇ ಬಿದ್ದು ಒಡೆದಿತ್ತು. ಜಾಗ ಸಾಲದು ಅಂತ ಇವರು ಅದರಲ್ಲಿ ಏನನ್ನೂ ಉಳಿಸುತ್ತಲೂ ಇರಲಿಲ್ಲ.

ಲೋಹಿತನಿಗೆ ನನ್ನ ಮುಖ ನೋಡಿ ಪಾಪ ಅನಿಸಿರಬೇಕು. "ಹೋಗಿದ್ದು ಕಪ್ಪಲ್ಲೇನ್ರಿ? ಕಪ್ಪು ನನ್ನ ಕಡೆ ಬೇಕಾದಷ್ಟೈತಿ. ಎಷ್ಟು ನಿಮಿಷ ಹೇಳ್ರಿ, ಈಗ ಹಾಕಿ ಕೂಡಿಸಿ ಕೊಡತೇನಿ."

ಎಷ್ಟು ನಿಮಿಷ?

ಮೊದಲಿನ ಫೈಲು ಒಟ್ಟು ಎಷ್ಟಿತ್ತು ಅಂತ ಅವನಿಗೂ ನೆನಪಿಲ್ಲ. ಹದಿನಾಲ್ಕೋ ಹದಿನೇಳೋ ಅಂದ. ನಾಳೆ ಹೇಳುತ್ತೇನೆ ಅಂದು ಬಂದೆ.

17 ನವೆಂಬರ್

ಮೊಬೈಲಿನಲ್ಲಿ ಗಡಿಯಾರ ಹಚ್ಚಿ ಕಂಡಿಕೆ ಸುತ್ತಿದೆ. 3 ನಿಮಿಷ 40 ಸೆಕೆಂಡು.

ಮತ್ತೆ ಸುತ್ತಿದೆ. 4.25.

ಮತ್ತೆ. 5.10. ನಡುವೆ ನೂಲು ಕಡಿದಿತ್ತು.

18 ನವೆಂಬರ್

4.50. 4.05. 3.55. 4.50.

ಫೆಬ್ರವರಿಯಲ್ಲಿ ಮಗ್ಗದ ಮೇಲೆ ಇದ್ದದ್ದು ಸಣ್ಣ ನೂಲು. ಈಗಿನದು ದಪ್ಪ. ಸಣ್ಣ ನೂಲು ಹುಡುಕಿ ಸುತ್ತಿದೆ. 5.30. ಆಗ ಎಷ್ಟು ತುಂಬಿಸಿದ್ದೆ, ತುದಿ ತನಕವೋ, ಸ್ವಲ್ಪ ಕಡಿಮೆಯೋ. ಕೈ ಎಷ್ಟು ಬಿರುಸು ಇತ್ತು. ರೊಟ್ಟಿಯ ಅವಸರ ಇತ್ತಲ್ಲ.

ಆ ಕೈ ಬೇರೆ. ಈಗಿನ ಕೈ ಬೇರೆ.

ಲೋಹಿತ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ.

27 ನವೆಂಬರ್, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ನೇಯ್ದೆ ಅಷ್ಟೇ, ಅದೂ ಕೆಟ್ಟದಾಗಿ. ಸೀರೆಯ ಅಂಚಿನಲ್ಲಿ ಎರಡು ಕಡೆ ಎಳೆ ತಪ್ಪಿದೆ. ಮೂಲೆಯಲ್ಲಿ ಬುಟ್ಟಿ ತುಂಬ ಕಂಡಿಕೆ. ಎರಡು ಸೀರೆಗೆ ಸಾಲುವಷ್ಟು.

ಇವತ್ತು ಅತ್ತೆ ಬುಟ್ಟಿ ಎಳೆದು ಮುಂದಿಟ್ಟರು.

"ನನ್ನ ಕೆಲಸ ಕಸಗೊಂಡು ನನ್ನ ಮನಿ ಬಿಟ್ಟು ಓಡಸಬೇಕಂತ ಮಾಡೀಯೇನು?"

ಹೇಳಿಬಿಟ್ಟೆ. ಎಲ್ಲ. ಡೈರಿಯ ಆ ಹಾಳೆ ಓದಿ ಹೇಳಿದೆ. ಅತ್ತೆಗೆ ಓದಲು ಬರುವುದಿಲ್ಲ. ಮಗನ ಅಕ್ಷರದ ಮೇಲೆ ಬೆರಳು ಇಟ್ಟು ಕೇಳಿದರು. ಬಯ್ಯುತ್ತಾರೆ ಅಂದುಕೊಂಡೆ. ಮಗನ ಕೊನೆಯ ಕೆಲಸ ನಾನು ಕೆಡಿಸಿದ್ದು.

ಬೆರಳು ತೆಗೆಯದೆ, "ಇನ್ನೊಮ್ಮಿ ಓದು" ಅಂದರು. ಓದಿದೆ.

"ಒಂದು ಕಂಡಿಕಿ ಅಂತ ಬರದಾನು?"

"ಹೂಂ ಅತ್ತಿ."

"ನಿಮಿಷ ಅಂತ ಬರದಾನೇನು?"

"ಇಲ್ರಿ."

"ಮತ್ತ ನೀ ಯಾಕ ಗಡಿಯಾರ ಹಚಗೊಂಡು ಕುಂತೀ? ಕಂಡಿಕಿ ಅಂದ್ರ ಕಂಡಿಕಿ. ಅವತ್ತಿಂದು ಅವತ್ತಿಂದು, ಇವತ್ತಿಂದು ಇವತ್ತಿಂದು. ಅಷ್ಟು ಬೇಕಾದ್ರ ರಾಟಿ ಹೊತ್ಕೊಂಡು ಲಕ್ಷ್ಮೇಶ್ವರಕ್ಕ ಹೋಗು."

ಬಯ್ಗುಳದ ಹಾಗೆ ಅಂದದ್ದು. ಅಂದ ಮೇಲೆ ಇಬ್ಬರೂ ರಾಟಿ ಕಡೆ ನೋಡಿದೆವು.

28 ನವೆಂಬರ್

ರಮೀಜಣ್ಣನಿಗೆ ಫೋನ್ ಮಾಡಿದೆ. ತಪ್ಪು ಒಪ್ಪಿಕೊಂಡೆ.  ಲೈನ್ ಕಟ್ಟಾಯಿತು ಅಂತ ಎರಡು ಸಲ ಹಲೋ ಅಂದೆ.

"ಇದ್ದೇನಿ ವೈನಿ."

ಕೇಳಿದೆ — ಮೊದಲನೇ ಗೋಡೆ ಮುಗಿದ ಮೇಲೆ ಪ್ರೊಜೆಕ್ಟರ್ ಮುಚ್ಚಿರಿ. ನಾನು ಅಲ್ಲೇ ಕೂತು ಒಂದು ಕಂಡಿಕೆ ಸುತ್ತುತ್ತೇನೆ. ತುಂಬಿದಾಗ "ಆತು" ಅನ್ನುತ್ತೇನೆ. ಆಗ ಎರಡನೆಯದು ಹಚ್ಚಿರಿ. ಪಟ್ಟಿಯಲ್ಲಿ ಒಂದೇ ಹೆಸರು ಹಾಕಿರಿ.

ನಾನು ಇಷ್ಟುದ್ದ ಮಾತಾಡಿದ್ದು ಅವರು ಕೇಳಿಯೇ ಇರಲಿಕ್ಕಿಲ್ಲ.

"ಮಂದಿ ನಗಬಹುದು ವೈನಿ. ಸುಳ್ಳು ಹೇಳಂಗಿಲ್ಲ ನಾ."

"ಗೊತ್ತೈತ್ರಿ."

"ಅಷ್ಟು ಮಂದ್ಯಾಗ ಕುಂಡ್ರತೀರಿ?"

"ಕತ್ತಲ ಇರತೈತಲ್ರಿ."

ಫೋನ್ ಇಟ್ಟು ರಾಟಿ ಮುಂದೆ ಕೂತೆ. ಈ ಕೈಯಿಂದ ಏನು ಸುತ್ತುವುದು.

6 ಡಿಸೆಂಬರ್, ಶನಿವಾರ

ನಾಳೆ.

ಕತ್ತಲಲ್ಲಿ ನೂಲು ಕಡಿದರೆ? ತುದಿ ಸಿಗದಿದ್ದರೆ? ಜನ ಎದ್ದು ಹೋದರೆ? ಕಂಡಿಕೆ ತುಂಬಿದ್ದು ನನಗೇ ತಿಳಿಯದಿದ್ದರೆ? ಒಂದಾದ ಮೇಲೆ ಒಂದು ಬರುತ್ತಿವೆ.

ಅತ್ತೆ ಹಳೇ ಸೆರಗಿನ ತುಂಡಿನಿಂದ ನನ್ನ ಕಣ್ಣು ಕಟ್ಟಿದರು. ಸುತ್ತು ಅಂದರು. ಬೇಕಂತಲೇ ನಡುವೆ ನೂಲು ಹರಿದರು. ತಡವರಿಸಿ ತುದಿ ಹಿಡಿದು ಹೊಸೆದು ಕೂಡಿಸಿದೆ. ಮತ್ತೆ ಹರಿದರು. ಮತ್ತೆ ಕೂಡಿಸಿದೆ.

"ಇದನ್ನ ನೋಡಿದ್ರ ಇದನ್ನೂ ಸಿನೆಮಾ ತಗೀತಿದ್ದ ನಿನ್ನ ಗಂಡ."

ಕಣ್ಣಿನ ಬಟ್ಟೆ ಬಿಚ್ಚಿದಾಗ ಅವರು ಮುಖ ಆ ಕಡೆ ಮಾಡಿಕೊಂಡಿದ್ದರು.

8 ಡಿಸೆಂಬರ್, ಸೋಮವಾರ, ಬೆಳಿಗ್ಗೆ 11

ನಿನ್ನೆಯದನ್ನು ಮರೆಯುವ ಮೊದಲು ಬರೆಯಬೇಕು. ಮಗ್ಗಕ್ಕೆ ಇನ್ನೂ ಇಳಿದಿಲ್ಲ.

ರಾಟಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದೆವು. ಸೈಕಲ್ ಗಾಲಿಯ ರಾಟಿ, ಮುಚ್ಚಿದರೂ ಮುಚ್ಚುವುದಿಲ್ಲ. ಕಂಡಕ್ಟರ್ ನೋಡಿದ. "ಹೆಣ್ಣಮಕ್ಕಳಿಗೆ ಫ್ರೀ ಐತ್ರಿ, ರಾಟಿಗೆ ಫ್ರೀ ಇಲ್ಲ." ಅತ್ತೆ, "ಇದೂ ಹೆಣ್ಣ ಐತೋ ತಮ್ಮಾ. ಹಗಲೆಲ್ಲಾ ತಿರಗತೈತಿ, ಯಾರೂ ಕೇಳಂಗಿಲ್ಲ" ಅಂದರು. ಬಸ್ಸು ನಕ್ಕಿತು. ನನಗೆ ನಗು ಬರಲಿಲ್ಲ. ಶಿರಹಟ್ಟಿ ಕ್ರಾಸ್ ತನಕ ಕಂಡಿಕೆಯ ಕಡ್ಡಿ ಹಿಡಿದೇ ಕೂತಿದ್ದೆ, ಅಂಗೈಯಲ್ಲಿ ಗುರುತು ಬಿದ್ದಿತ್ತು.

ಗೋದಾಮಿನಲ್ಲಿ ಇನ್ನೂ ಹತ್ತಿಕಾಳಿನ ವಾಸನೆ. ಐವತ್ತು ಅರವತ್ತು ಜನ. ಮೂರನೇ ಸಾಲಿನಲ್ಲಿ ಹನಮಪ್ಪ ಕಾಕಾ.  ಯಾರು ಹೇಳಿದರೋ.

"ನಮ್ಮ ಓಣಿ ಗೋಡಿ ಅಂತ. ನೋಡಿ ಹೋಗೂಣು ಅಂತ ಬಂದೇನಿ."

ಉಪ್ಪು ಕರಗಿತು. ಖುರ್ಚಿ ಬಂತು. ಅದರಲ್ಲಿ ಯಾರೂ ಕೂಡಲಿಲ್ಲ. ಅತ್ತೆ ಮಾತ್ರ ಕೊನೆಯ ತನಕ ಕಾದರು. ಆಮೇಲೆ ಇವರ ಹೆಸರು.

ಪರದೆಯ ಪಕ್ಕದಲ್ಲಿ ಚಾಪೆ, ರಾಟಿ, ನಾನು. ಗೋಡೆ ಬಂತು. ಅಷ್ಟು ದೊಡ್ಡದಾಗಿ ನಮ್ಮ ಮೊಳೆ ನೋಡಿರಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಯಾರೋ "ಪೇಂಟ್ ಹಚ್ಚಿಸಬೇಕಾಗೇತಿ" ಅಂದರು, ಕೆಲವರು ನಕ್ಕರು. ರಾಟಿಯ ಹಿಡಿಗೆ ಕೈ ಹಾಕಿದೆ.

ಕಪ್ಪಾಯಿತು.

ಸುತ್ತತೊಡಗಿದೆ. ಒಬ್ಬರು "ಕರೆಂಟ್ ಹೋತು" ಅಂದರು. ಮತ್ತೆ ನಗು. ಒಂದು ಕೂಸು ಅತ್ತಿತು. ಮೊಬೈಲಿನ ಬೆಳಕು ಒಂದೆರಡು ಹೊತ್ತಿದವು, ಯಾರೋ ಗದರಿಸಿ ಆರಿಸಿದರು. ನೂಲು ಕಡಿಯಿತು. ಕಡಿಯಿತು ಅಂತ ತಿಳಿದ ಕೂಡಲೇ ಗಾಲಿ ನಿಲ್ಲಿಸಿದೆ. ಬೆರಳು ತುದಿ ಹುಡುಕಿತು. ಸಿಗಲಿಲ್ಲ. ಸಿಗಲಿಲ್ಲ. ಸಿಕ್ಕಿತು. ಹೊಸೆದೆ.

ಆಮೇಲೆ ರಾಟಿಯ ಸದ್ದು ಒಂದೇ. ನಗು ಯಾವಾಗ ನಿಂತಿತು ಗೊತ್ತಿಲ್ಲ. ಗಾಲಿ ಒಂದು ಸುತ್ತಿಗೆ ಒಮ್ಮೆ ಟಕ್ ಅನ್ನುತ್ತದೆ, ಅದು ಇವರಿಗೂ ಗೊತ್ತಿತ್ತು. ಎಣ್ಣೆ ಹಾಕಬ್ಯಾಡ, ಇರಲಿ ಅನ್ನುತ್ತಿದ್ದರು. ಅಷ್ಟು ಜನ ಉಸಿರಾಡುವುದು ಕೇಳುತ್ತಿತ್ತು. ಬೆರಳಿನ ಕೆಳಗೆ ಕಂಡಿಕೆ ದಪ್ಪವಾಗುತ್ತ ಬಂತು. ಹೆದರಿಕೆ ಮರೆತು ಎಷ್ಟೋ ಸುತ್ತು ಆಗಿತ್ತು.

ತುಂಬಿತು. ನೂಲು ಹರಿದೆ. ರಾಟಿ ನಿಂತಿತು.

"ಆತು" ಅನ್ನಬೇಕಿತ್ತು. ರಮೀಜಣ್ಣ ಅದಕ್ಕೇ ಕಾಯುತ್ತಿದ್ದರು. ಬಾಯಿ ತೆರೆಯುವಷ್ಟರಲ್ಲಿ ಮೂರನೇ ಸಾಲಿನಿಂದ ಹನಮಪ್ಪ ಕಾಕಾ. ಚೇಷ್ಟೆಯ ದನಿಯಲ್ಲ. ದೇವರ ಮುಂದೆ ನಿಂತು ಕೇಳುವ ಹಾಗೆ, ಮೆಲ್ಲಗೆ.

"ಮುಗೀತೇನವಾ?"

"ಇನ್ನೂ ಐತಿ" ಅಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ರಮೀಜಣ್ಣ ಒಂದು ಕ್ಷಣ ತಡೆದು ಎರಡನೆಯದನ್ನು ಹಚ್ಚಿದರು. ಬೆಳಕು ಬಂದಿತು. ಅದೇ ಗೋಡೆ, ಬೇರೆ ಹೊತ್ತು. ಇದನ್ನು ನಾನು ಪೂರ್ತಿ ನೋಡಿರಲಿಲ್ಲ. ಅವತ್ತು ರೊಟ್ಟಿ ಬಡಿಯಲು ಹೋಗಿದ್ದೆ. ಕೈಯ ಬಿಸಿ ತಾಗಿದ ಕಂಡಿಕೆ ಮಡಿಲಲ್ಲಿಟ್ಟುಕೊಂಡು, ಕತ್ತು ಎತ್ತಿ ನೋಡಿದೆ. ಏನೈತ್ರಿ ಅದರಾಗ ಅಂತ ಎಷ್ಟು ಸಲ ಕೇಳಿದ್ದೆ.

ಅದರಲ್ಲಿ ಮೊಳೆ, ಸರಿದ ನೆರಳು, ಬೇರೆ ಏನಿಲ್ಲ; ಅದಕ್ಕೇ ಕೊನೆಯ ತನಕ ನೋಡಿದೆ.